ವಯಸ್ಸಾದ ನಾಯಿಗೆ ನಿಮ್ಮ ಮಂಡಿನೋವಿನ ಮಾತ್ರೆ ಕೊಡಬೇಡಿ, ಅರ್ಧವೂ ಬೇಡ

ಮನೆಯಲ್ಲಿ ವಯಸ್ಸಾದ ನಾಯಿ ಇದ್ದರೆ ಇದನ್ನು ಓದಿ. ನೀವಿಲ್ಲದಾಗ ಅದನ್ನು ನೋಡಿಕೊಳ್ಳುವವರಿಗೂ ಓದಿಸಿ. ನಮ್ಮ ರಾಣಿ ಬದುಕಿದ್ದಾಳೆ. ಆದರೆ ಅವಳ ಕಿಡ್ನಿ ಮೊದಲಿನಂತಿಲ್ಲ.

ರಾಣಿ ಲ್ಯಾಬ್ರಡಾರ್. ವಯಸ್ಸು 12, ತೂಕ 28 ಕೆ.ಜಿ. ಹಿಂಗಾಲಿನ ಕೀಲು ಸವೆದಿದೆ. ಮಲಗಿದವಳು ಏಳಬೇಕಾದರೆ ಒದ್ದಾಡುತ್ತಾಳೆ. ನಾನು ಊರಲ್ಲಿ ಇಲ್ಲದಾಗ ಅವಳು ದೊಡ್ಡಪ್ಪನ ಹತ್ತಿರ ಇದ್ದಳು. ಅವರಿಗೂ ಮಂಡಿನೋವು, ದಿನಾ ನ್ಯಾಪ್ರೋಕ್ಸೆನ್ ಅನ್ನುವ ನೋವಿನ ಮಾತ್ರೆ ತೆಗೆದುಕೊಳ್ಳುತ್ತಾರೆ. ನಾಯಿ ಕುಂಟುವುದನ್ನು ನೋಡಲಾಗದೆ ತಮ್ಮ 500 ಮಿ.ಗ್ರಾಂ ಮಾತ್ರೆಯನ್ನೇ ಅರ್ಧ ಮುರಿದು ಊಟದಲ್ಲಿ ಬೆರೆಸಿ ಕೊಟ್ಟರು. ನಾಯಿಯ ತೂಕ ತಮ್ಮದರ ಅರ್ಧ, ಹಾಗಾಗಿ ಮಾತ್ರೆಯೂ ಅರ್ಧ ಅನ್ನುವ ಲೆಕ್ಕ.

ಮರುದಿನ ರಾಣಿ ಸಲೀಸಾಗಿ ಎದ್ದು ಗೇಟಿನವರೆಗೆ ಓಡಿದಳಂತೆ. "ನಿನ್ನ ನಾಯಿಗೆ ವಯಸ್ಸು ಇಳಿದುಬಿಟ್ಟಿದೆ ಕಣೋ" ಅಂತ ದೊಡ್ಡಪ್ಪ ಫೋನಿನಲ್ಲಿ ನಕ್ಕರು. ಮಾತ್ರೆಯ ವಿಷಯ ಹೇಳಲಿಲ್ಲ, ಅದೇನು ದೊಡ್ಡ ಸಂಗತಿ ಅಂತ ಅವರಿಗೆ ಅನಿಸಿರಲೂ ಇಲ್ಲ. ಎಲ್ಲರೂ ಎಡವುವುದು ಇಲ್ಲೇ. ಮೊದಲ ದಿನವೇ ವಾಂತಿ ಆಗಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದರು. ಗುಣ ಕಂಡಿತು, ಹಾಗಾಗಿ ದಿನಾ ಕೊಡುತ್ತಾ ಹೋದರು.

ಆಮೇಲೆ ಊಟ ಕಡಿಮೆಯಾಯಿತು. ವಯಸ್ಸಾಯ್ತಲ್ಲ ಅಂದುಕೊಂಡರು. ನಂತರ ಮಲ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ ಬರತೊಡಗಿತು. ಇದನ್ನು ದಯವಿಟ್ಟು ನೆನಪಿಡಿ. ಹೊಟ್ಟೆಯಲ್ಲಿ ಸೋರಿದ ರಕ್ತ ಜೀರ್ಣವಾಗಿ ಹೊರಗೆ ಬರುವಾಗ ಕೆಂಪಗಿರುವುದಿಲ್ಲ, ಕಪ್ಪಗಿರುತ್ತದೆ. "ರಕ್ತ ಏನೂ ಕಾಣ್ತಿಲ್ವಲ್ಲ" ಅಂತ ಕಾಯುವವರು ಜಾಸ್ತಿ.

ನಾನು ವಾಪಸ್ ಬಂದವನೇ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಅವರು ತುಟಿ ಎತ್ತಿ ವಸಡು ನೋಡಿದರು, ಬಿಳಿಚಿಕೊಂಡಿತ್ತು. ಕೇಳಿದ ಮೊದಲ ಪ್ರಶ್ನೆಯೇ "ಮನೇಲಿ ಯಾರಾದ್ರೂ ನೋವಿನ ಮಾತ್ರೆ ಕೊಟ್ರಾ?" ನಾನು ಇಲ್ಲ ಅಂದೆ. ಪಕ್ಕದಲ್ಲಿದ್ದ ದೊಡ್ಡಪ್ಪ ಸ್ವಲ್ಪ ತಡೆದು "ಅರ್ಧ ಅಷ್ಟೇ ಕೊಟ್ಟಿದ್ದು" ಅಂದರು.

ಆ ಅರ್ಧದ ಲೆಕ್ಕ ಯಾಕೆ ತಪ್ಪು ಅಂತ ಡಾಕ್ಟರು ಬಿಡಿಸಿ ಹೇಳಿದರು. ನ್ಯಾಪ್ರೋಕ್ಸೆನ್ ಮನುಷ್ಯರ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 12ರಿಂದ 17 ಗಂಟೆ ಸಾಕು. ನಾಯಿಯಲ್ಲಿ ಅದಕ್ಕೆ ಸುಮಾರು 74 ಗಂಟೆ ಬೇಕು, ಅಂದರೆ ಮೂರು ದಿನ. ಪಿತ್ತದ ಜೊತೆ ಕರುಳಿಗೆ ಇಳಿದ ಔಷಧಿ ಮತ್ತೆ ರಕ್ತಕ್ಕೆ ಸೇರಿಕೊಳ್ಳುತ್ತಾ ಇರುತ್ತದೆ. ಇವತ್ತಿನದು ಹೊರಗೆ ಹೋಗುವ ಮೊದಲೇ ನಾಳೆಯದು ಬಂದು ಕೂರುತ್ತದೆ. ಕೆ.ಜಿ.ಗೆ 5 ಮಿ.ಗ್ರಾಂ ಆಸುಪಾಸಿನಲ್ಲೇ ನಾಯಿಗಳಿಗೆ ಹೊಟ್ಟೆ ಹುಣ್ಣು ಆಗಿದ್ದಿದೆ. ರಾಣಿಗೆ ದಿನಾ ಬೀಳುತ್ತಿದ್ದದ್ದು ಸುಮಾರು 9.

ಈ ಮಾತ್ರೆಗಳು ನೋವು, ಊತ ತರುವ ಪ್ರೋಸ್ಟಗ್ಲಾಂಡಿನ್ ಅನ್ನುವ ವಸ್ತು ತಯಾರಾಗುವುದನ್ನು ತಡೆಯುತ್ತವೆ. ಆದರೆ ಹೊಟ್ಟೆಯ ಒಳಪದರವನ್ನು ಕಾಯುವುದೂ, ಕಿಡ್ನಿಗೆ ಹೋಗುವ ರಕ್ತದ ಹರಿವನ್ನು ಕಾಪಾಡುವುದೂ ಅದೇ ಪ್ರೋಸ್ಟಗ್ಲಾಂಡಿನ್. ವಯಸ್ಸಾದ ನಾಯಿಯ ಕಿಡ್ನಿ ಮೊದಲೇ ಬಳಲಿರುವುದುಂಟು. ಊಟ ನೀರು ಬಿಟ್ಟಾಗ ಪೆಟ್ಟು ಇನ್ನೂ ಜೋರು.

ಡ್ರಿಪ್ ಹಾಕಿದರು. ಹೊಟ್ಟೆಯ ಆಮ್ಲ ಇಳಿಸುವ ಔಷಧಿ, ಹುಣ್ಣಿನ ಮೇಲೆ ಪದರ ಕಟ್ಟುವ ಸುಕ್ರಾಲ್‌ಫೇಟ್, ಮತ್ತೆ ಮತ್ತೆ ರಕ್ತ ಪರೀಕ್ಷೆ. ನನಗೆ ಹೆಚ್ಚು ಸಂಕಟ ಆಗಿದ್ದು ಬೇರೆಯದಕ್ಕೆ. ನಾಯಿಗೆಂದೇ ಇರುವ ಕಾರ್ಪ್ರೊಫೆನ್‌ನಂಥ ನೋವಿನ ಔಷಧಿಯನ್ನು ಆಗ ಶುರು ಮಾಡುವಂತೆಯೇ ಇರಲಿಲ್ಲ. ಹಳೆಯದು ಮೈಯಿಂದ ಹೋಗುವ ಮೊದಲು, ಹುಣ್ಣು ಮಾಯುವ ಮೊದಲು ಅದನ್ನು ಕೊಟ್ಟರೆ ಇನ್ನಷ್ಟು ಅಪಾಯ. ನೋವು ಕಡಿಮೆ ಮಾಡಲು ಹೋಗಿ, ಇದ್ದ ಒಳ್ಳೆಯ ದಾರಿಯೂ ಮುಚ್ಚಿತ್ತು.

ನ್ಯಾಪ್ರೋಕ್ಸೆನ್ ಒಂದೇ ಅಲ್ಲ. ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್ ಎಲ್ಲವೂ ಇದೇ ಜಾತಿಯವು. ಕೆಲವು ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಕೂಡ ಬೆರೆತಿರುತ್ತದೆ, ಜಾಸ್ತಿಯಾದರೆ ಅದು ನಾಯಿಯ ಲಿವರ್ ಕೆಡಿಸುತ್ತದೆ. (ಬೆಕ್ಕು ಇದ್ದರಂತೂ ಪ್ಯಾರಾಸಿಟಮಾಲನ್ನು ಅದರ ಹತ್ತಿರವೂ ತರಬೇಡಿ. ಒಂದು ಮಾತ್ರೆ ಸಾಕು ಬೆಕ್ಕು ಸಾಯಲು.) ನೀವು ಹಚ್ಚಿಕೊಂಡ ನೋವಿನ ಜೆಲ್ಲನ್ನು ನಾಯಿ ನೆಕ್ಕದಂತೆಯೂ ನೋಡಿಕೊಳ್ಳಿ.

ಮೆಲಾಕ್ಸಿಕ್ಯಾಮ್ ಅನ್ನುವ ನೋವಿನ ಔಷಧಿಯ ವಿಷಯದಲ್ಲಿ ಬಹಳ ಜನ ಮೋಸಹೋಗುತ್ತಾರೆ. ಅದು ನಾಯಿಗೂ ಕೊಡುವ ಔಷಧಿ, ನಿಜ. ಆದರೆ ಮೊದಲ ದಿನ ಬಿಟ್ಟರೆ ನಾಯಿಗೆ ದಿನಕ್ಕೆ ಕೆ.ಜಿ.ಗೆ 0.1 ಮಿ.ಗ್ರಾಂ ಮಾತ್ರ. ಹತ್ತು ಕೆ.ಜಿ. ನಾಯಿಗೆ 1 ಮಿ.ಗ್ರಾಂ. ನಮ್ಮ ಮಾತ್ರೆ ಬರುವುದು 7.5 ಅಥವಾ 15 ಮಿ.ಗ್ರಾಂನಲ್ಲಿ. 7.5ರದ್ದನ್ನು ಅರ್ಧ ಮುರಿದರೂ ಸುಮಾರು ನಾಲ್ಕು ಪಟ್ಟು!

ಕೀಲಿಗೆಂದು ಕೊಡುವ ಗ್ಲುಕೋಸಮೈನ್ ಅಷ್ಟು ಅಪಾಯದ್ದಲ್ಲ. ಆದರೆ ಮನುಷ್ಯರಿಗಾಗಿ ಮಾಡಿದ ಕೆಲವು ಅಗಿಯುವ ಮಾತ್ರೆಗಳಲ್ಲಿ ಸಿಹಿಗೆ ಕ್ಸಿಲಿಟಾಲ್ ಹಾಕಿರುತ್ತಾರೆ. ಅದು ನಾಯಿಯ ರಕ್ತದ ಸಕ್ಕರೆಯನ್ನು ದಿಢೀರ್ ಇಳಿಸುತ್ತದೆ. ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿ, ಡಾಕ್ಟರಿಗೂ ತೋರಿಸಿ.

ಈಗಾಗಲೇ ಮಾತ್ರೆ ಕೊಟ್ಟಾಗಿದ್ದರೆ ಲಕ್ಷಣ ಕಾಣಲಿ ಅಂತ ಕಾಯಬೇಡಿ. ನೀವಾಗಿಯೇ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಕೂಡಲೇ ಪಶುವೈದ್ಯರಿಗೆ ಫೋನ್ ಮಾಡಿ, ಹೋಗುವಾಗ ಮಾತ್ರೆಯ ಸ್ಟ್ರಿಪ್ ತೆಗೆದುಕೊಂಡು ಹೋಗಿ. ಎಷ್ಟು ಮಿ.ಗ್ರಾಂ, ಎಷ್ಟು ಸಲ, ಕೊನೆಯದು ಯಾವಾಗ, ಇಷ್ಟು ಹೇಳಿ. ಸ್ಟೆರಾಯ್ಡ್ ಏನಾದರೂ ನಡೆಯುತ್ತಿದ್ದರೆ ಅದನ್ನೂ ಹೇಳಿ, ಎರಡೂ ಸೇರಿದರೆ ಹುಣ್ಣಿನ ಅಪಾಯ ಹೆಚ್ಚು. ಮನೆಯಲ್ಲಿ ಬೇರೆ ಯಾರೋ ಕೊಟ್ಟಿದ್ದರೆ ಆ ಹೊತ್ತಿನಲ್ಲಿ ಅವರನ್ನು ಬೈಯಬೇಡಿ. ಬೈದರೆ ನಾಲ್ಕು ಸಲ ಕೊಟ್ಟವರು ಒಂದೇ ಸಲ ಅಂತಾರೆ, ಡಾಕ್ಟರು ಆ ಲೆಕ್ಕದ ಮೇಲೆಯೇ ಚಿಕಿತ್ಸೆ ಶುರು ಮಾಡುತ್ತಾರೆ.