ಹಾರ್ಡ್ ಡಿಸ್ಕ್ ನಿಧಾನಕ್ಕೆ ಮದ್ದು: ವಿಂಡೋಸ್ ಡಿಫ್ರ್ಯಾಗ್, ಡಿಫ್ರ್ಯಾಗ್ಲರ್, ಎಸ್‌ಎಸ್‌ಡಿ

ಆನ್ ಮಾಡಿ ಎರಡು ನಿಮಿಷವಾದರೂ ಬ್ರೌಸರ್ ತೆರೆಯದ, ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100% ಎಂದೇ ನಿಂತಿರುವ ಕಂಪ್ಯೂಟರ್‌ಗಳು ಮಂಗಳೂರು, ಉಡುಪಿಯ ಮನೆಗಳಲ್ಲಿ ಇನ್ನೂ ಬೇಕಾದಷ್ಟಿವೆ. ಇದಕ್ಕೆ ಮದ್ದೆಂದು ಹೇಳುವ ದಾರಿಗಳು ಮುಖ್ಯವಾಗಿ ಮೂರು: ವಿಂಡೋಸ್ ಜೊತೆಗೇ ಬರುವ ಡಿಫ್ರ್ಯಾಗ್ (ಡಿಸ್ಕ್‌ನಲ್ಲಿ ಚೂರುಚೂರಾಗಿ ಚದುರಿದ ಫೈಲ್‌ಗಳನ್ನು ಒಟ್ಟಿಗೆ ಜೋಡಿಸುವುದು), ಡಿಫ್ರ್ಯಾಗ್ಲರ್‌ನಂಥ ಹೊರಗಿನ ತಂತ್ರಾಂಶ, ಇಲ್ಲವೇ ವಿಂಡೋಸನ್ನೇ ತಿರುಗುವ ಭಾಗವಿಲ್ಲದ, ಚಿಪ್‌ಗಳಲ್ಲಿ ಡೇಟಾ ಇಡುವ ಎಸ್‌ಎಸ್‌ಡಿಗೆ ಸಾಗಿಸುವುದು. ನಿಮಿಷಕ್ಕೆ 5400 ಸುತ್ತಿನ ಲ್ಯಾಪ್‌ಟಾಪ್ ಡಿಸ್ಕ್, 7200 ಸುತ್ತಿನ ಡೆಸ್ಕ್‌ಟಾಪ್ ಡಿಸ್ಕ್ ಎರಡರಲ್ಲೂ ಮೂರನ್ನೂ ನಡೆಸಿ ನೋಡಿದ ಮೇಲೆ ನಮ್ಮ ತೀರ್ಪು ಇದು: ಡಿಫ್ರ್ಯಾಗ್ ಮಾಡುವುದಾದರೆ ವಿಂಡೋಸ್‌ನದೇ ಸಾಕು. ಸಿ ಡ್ರೈವ್‌ನ ನಿಧಾನಕ್ಕೆ ಮಾತ್ರ ಎಸ್‌ಎಸ್‌ಡಿಗೆ ಸಾಟಿಯಾದದ್ದು ಬೇರೆ ಇಲ್ಲ.

ಯಾವುದಕ್ಕೆ ಕೈ ಹಾಕುವ ಮೊದಲೂ ಡಿಸ್ಕ್‌ನ ಆರೋಗ್ಯ ನೋಡಬೇಕು. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ತೆರೆದರೆ ಸ್ಮಾರ್ಟ್ ಅಂಕಿಗಳ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕದ ಪಟ್ಟಿ ಬರುತ್ತದೆ. ಅದರಲ್ಲಿ 05, ಸಿ5, ಸಿ6 ಈ ಮೂರು ಸಾಲುಗಳ ರಾ ವ್ಯಾಲ್ಯೂ ಸೊನ್ನೆಯಾಗಿದ್ದರೆ ನೆಮ್ಮದಿ. 05 ಎಂದರೆ ಹಾಳಾಗಿ ಬದಲಿ ಜಾಗಕ್ಕೆ ಹೋದ ಸೆಕ್ಟರ್‌ಗಳು (ಡಿಸ್ಕ್‌ನ ಸಣ್ಣ ಸಣ್ಣ ಭಾಗಗಳು); ಸಿ5 ಎಂದರೆ ಓದಲಾಗದೆ ಬಾಕಿ ಉಳಿದವು; ಸಿ6 ಎಂದರೆ ಸರಿಪಡಿಸಲಾಗದವು. ಸಿ5ರಲ್ಲಿ ಅಂಕಿ ಕಂಡರೆ ಆ ಡಿಸ್ಕ್‌ಗೆ ಡಿಫ್ರ್ಯಾಗ್ ಹಾಕಲೇಬೇಡಿ. ಸಾಯುತ್ತಿರುವ ಡಿಸ್ಕ್‌ನಿಂದ ಸಾವಿರಾರು ಫೈಲ್ ಎತ್ತಿ ಮತ್ತೆ ಅದರ ಮೇಲೆಯೇ ಬರೆಸಿದಂತಾಗುತ್ತದೆ. ಮೊದಲು ಫೋಟೊ, ದಾಖಲೆಗಳನ್ನು ಬೇರೆ ಕಡೆ ನಕಲಿಸಿ. ಡೇಟಾ ಸಾಗಣೆಯ ದೋಷ ಎಣಿಸುವ ಸಿ7 ಏರುತ್ತಿದ್ದರೆ ಹೆಚ್ಚಾಗಿ ತಪ್ಪು ಡಿಸ್ಕನ್ನು ಕಂಪ್ಯೂಟರ್‌ಗೆ ಜೋಡಿಸುವ ಸಾಟಾ ಕೇಬಲ್ಲಿನದು. ಕರಾವಳಿಯ ಉಪ್ಪುಗಾಳಿ, ಆಟಿ ತಿಂಗಳ ಮಳೆಯ ತೇವದಲ್ಲಿ ಈ ತೊಂದರೆಯನ್ನು ಮೊದಲು ಅನುಮಾನಿಸಬೇಕು. ಕೇಬಲ್ ಕಿತ್ತು ಗಟ್ಟಿಯಾಗಿ ಸಿಕ್ಕಿಸಿ, ಇಲ್ಲವೇ ಹೊಸದು ಹಾಕಿ. ಬಂದ ಅಂಕಿ ಇಳಿಯುವುದಿಲ್ಲ, ಮುಂದೆ ಏರದಿದ್ದರಾಯಿತು.

ಇನ್ನು ಡಿಫ್ರ್ಯಾಗ್‌ನ ಲೆಕ್ಕ. 5400 ಸುತ್ತಿನ ಡಿಸ್ಕ್ ಒಂದು ಸುತ್ತು ಬರಲು 11.1 ಮಿಲಿಸೆಕೆಂಡ್ ಬೇಕು. ಬೇಕಾದ ಜಾಗ ಡೇಟಾ ಓದುವ ಹೆಡ್‌ನ ಅಡಿಗೆ ಬರಲು ಸರಾಸರಿ ಅದರ ಅರ್ಧ, 5.6. ಹೆಡ್ ಸರಿದು ಸರಿಯಾದ ಟ್ರ್ಯಾಕ್ (ಡೇಟಾ ಬರೆದಿರುವ ವೃತ್ತ) ಹಿಡಿಯಲು ಇನ್ನೊಂದು 10ರಿಂದ 12. ಅಂತೂ ಒಂದು ತುಂಡಿನಿಂದ ಮತ್ತೊಂದಕ್ಕೆ ಹಾರಲು ಸುಮಾರು 16 ಮಿಲಿಸೆಕೆಂಡ್. ಸಾವಿರ ತುಂಡಾದ ಫೈಲ್ ಓದಲು ಬರೀ ಹಾರಾಟಕ್ಕೇ 16 ಸೆಕೆಂಡ್ ಹೋಗುತ್ತದೆ.

ಎರಡು ತಂತ್ರಾಂಶಗಳ ವ್ಯತ್ಯಾಸ ಇಲ್ಲೇ ಇರುವುದು. ಇಡೀ ರಾತ್ರಿಯ ಯಕ್ಷಗಾನದ ರೆಕಾರ್ಡಿಂಗ್‌ಗಳು ತುಂಬಿದ ಒಂದೇ ಡಿ ಡ್ರೈವ್‌ಗೆ ವಿಂಡೋಸ್ 1% ಚೂರಾಗಿದೆ ಎಂದರೆ ಡಿಫ್ರ್ಯಾಗ್ಲರ್ 30% ತೋರಿಸುವುದುಂಟು. ಎರಡೂ ಸುಳ್ಳಲ್ಲ. 64 ಎಂಬಿಗಿಂತ ದೊಡ್ಡ ತುಂಡನ್ನು ವಿಂಡೋಸ್ ತುಂಡೆಂದು ಎಣಿಸುವುದೇ ಇಲ್ಲ. ಡಿಫ್ರ್ಯಾಗ್ಲರ್ ಎಲ್ಲವನ್ನೂ ಎಣಿಸುತ್ತದೆ. ಸೆಕೆಂಡಿಗೆ 100 ಎಂಬಿ ಓದುವ ಡಿಸ್ಕ್ 64 ಎಂಬಿ ಓದಲು 640 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಅದಕ್ಕೆ 16 ಸೇರಿದರೆ ನೂರಕ್ಕೆ ಎರಡೂವರೆ ಹೆಚ್ಚಾಯಿತು, ಅಷ್ಟೆ. 4 ಜಿಬಿಯ ಯಕ್ಷಗಾನದ ವಿಡಿಯೊ ಹತ್ತು ತುಂಡಾಗಿದ್ದರೂ ನೋಡುವಾಗ ಗೊತ್ತೇ ಆಗದು. ಆ 30 ಶೇಕಡಾವನ್ನು ಸೊನ್ನೆಗೆ ತರಲು ಡಿಫ್ರ್ಯಾಗ್ಲರ್ ಗಂಟೆಗಟ್ಟಲೆ ಓಡಿ ನೂರಾರು ಜಿಬಿ ತಿರುಗಿ ಬರೆಯುತ್ತದೆ. ಪಟ್ಟ ಪಾಡಿಗೆ ತಕ್ಕ ಲಾಭ ಕಾಣುವುದಿಲ್ಲ. ಮೇಲಾಗಿ, ಹೊರಗಿನ ತಂತ್ರಾಂಶ ಇಷ್ಟೊಂದು ಫೈಲ್ ಸರಿಸಿದಾಗ ಕಂಪ್ಯೂಟರನ್ನು ಹಿಂದಿನ ಸ್ಥಿತಿಗೆ ಮರಳಿಸಲು ವಿಂಡೋಸ್ ಉಳಿಸಿಟ್ಟ ಹಳೆಯ ರಿಸ್ಟೋರ್ ಪಾಯಿಂಟ್‌ಗಳು ಅಳಿಸಿಹೋಗುವ ಸಾಧ್ಯತೆಯೂ ಇದೆ.

ಡಿಫ್ರ್ಯಾಗ್ಲರ್ ಗೆಲ್ಲುವ ಜಾಗ ಒಂದಿದೆ: ಒಂದೊಂದೇ ಫೈಲನ್ನು ಆರಿಸಿ ಸರಿಪಡಿಸುವುದು. ದಿನಾ ಸ್ವಲ್ಪ ಸ್ವಲ್ಪ ಬೆಳೆಯುವ ಔಟ್‌ಲುಕ್‌ನ ಮೇಲ್ ಫೈಲ್, ಅಂಗಡಿ ಲೆಕ್ಕದ ಡೇಟಾ ಇಂಥವು ನಿಜಕ್ಕೂ ಸಾವಿರಾರು ಚೂರಾಗುತ್ತವೆ. ಆ ಪ್ರೋಗ್ರಾಂ ಮುಚ್ಚಿ, ಡಿಫ್ರ್ಯಾಗ್ಲರ್‌ನಲ್ಲಿ ಅನಲೈಜ್ ಒತ್ತಿ, ಫೈಲ್ ಲಿಸ್ಟ್‌ನಲ್ಲಿ ತುಂಡುಗಳ ಕಾಲಂ ಮೇಲೆ ಕ್ಲಿಕ್ ಮಾಡಿದರೆ ಅತಿ ಹೆಚ್ಚು ಚೂರಾದವು ಮೇಲೆ ಬರುತ್ತವೆ. ಬೇಕಾದ್ದಕ್ಕೆ ಗುರುತು ಹಾಕಿ ಡಿಫ್ರ್ಯಾಗ್ ಚೆಕ್ಡ್ ಒತ್ತಿ. ಕೆಲವೇ ನಿಮಿಷದ ಕೆಲಸ, ವ್ಯತ್ಯಾಸ ಕೈಗೆ ಸಿಗುತ್ತದೆ.

ವಿಂಡೋಸ್‌ನ ಡಿಫ್ರ್ಯಾಗ್ ವಾರಕ್ಕೊಮ್ಮೆ ತಾನೇ ನಡೆಯುವಂತೆ ಹೊಂದಿಸಿರುತ್ತದೆ, ಆದರೆ ಕಂಪ್ಯೂಟರ್ ಆನ್ ಇದ್ದು ಬಿಡುವಾಗಿರಬೇಕು. ಸಿಡಿಲಿಗೆ ಹೆದರಿ ಕೆಲಸ ಮುಗಿದ ಕೂಡಲೇ ಪ್ಲಗ್ ಕೀಳುವ ನಮ್ಮ ಮನೆಗಳಲ್ಲಿ ಅದಕ್ಕೆ ಅವಕಾಶವೇ ಸಿಗುವುದಿಲ್ಲ. ಸ್ಟಾರ್ಟ್‌ನಲ್ಲಿ ಡಿಫ್ರ್ಯಾಗ್ ಎಂದು ಹುಡುಕಿ ಕಿಟಕಿ ತೆರೆದು, ಕೊನೆಯ ಸಲ ಯಾವಾಗ ನಡೆಯಿತು ಎಂಬ ಕಾಲಂ ನೋಡಿ, ತಿಂಗಳುಗಳೇ ಕಳೆದಿರಬಹುದು. ಆಪ್ಟಿಮೈಜ್ ಒತ್ತಿ ಬಿಡಿ. ಮಳೆಗಾಲ ಶುರುವಾಗುವ ಮೊದಲು, ಮೇ ಕೊನೆಗೆ ಬರುವ ಪತ್ತನಾಜೆಯ ಒಳಗೆ ಇದನ್ನು ಮುಗಿಸಿಕೊಂಡರೆ ಒಳ್ಳೆಯದು.

ಡ್ರೈವ್‌ನಲ್ಲಿ 15ರಿಂದ 20 ಶೇಕಡಾ ಖಾಲಿ ಜಾಗ ಇಲ್ಲದಿದ್ದರೆ ಯಾವ ಡಿಫ್ರ್ಯಾಗ್ ಕೂಡ ಪರದಾಡುತ್ತದೆ, ಹೊಸ ಫೈಲ್‌ಗಳೂ ಸಿಕ್ಕ ಸಂದುಗಳಲ್ಲಿ ಚೂರಾಗಿಯೇ ಕೂರುತ್ತವೆ. ಸೆಟ್ಟಿಂಗ್ಸ್‌ನ ಸ್ಟೋರೇಜ್‌ನಲ್ಲಿ ತಾತ್ಕಾಲಿಕ ಫೈಲ್‌ಗಳನ್ನು ಅಳಿಸಿ. ಹೈಬರ್ನೇಷನ್ (ತೆರೆದ ಕೆಲಸವನ್ನು ಡಿಸ್ಕ್‌ನಲ್ಲಿ ಉಳಿಸಿ ಆಫ್ ಆಗುವ ಸೌಲಭ್ಯ) ನಿಲ್ಲಿಸಿದರೆ 8 ಜಿಬಿ ರ‍್ಯಾಮ್‌ನ ಕಂಪ್ಯೂಟರ್‌ನಲ್ಲಿ 3 ಜಿಬಿ ಚಿಲ್ಲರೆ ಉಳಿಯುತ್ತದೆ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಆದರೆ ಅದರೊಂದಿಗೆ ಕಂಪ್ಯೂಟರ್ ಬೇಗ ಆನ್ ಆಗುವಂತೆ ಮಾಡುವ ಫಾಸ್ಟ್ ಸ್ಟಾರ್ಟಪ್ ಕೂಡ ಹೋಗುತ್ತದೆ. ಹಾರ್ಡ್ ಡಿಸ್ಕ್ ಇರುವವರಿಗೆ ಅದು ನಷ್ಟವೇ. ವಿಂಡೋಸ್‌ನ ಸೆಟ್ಟಿಂಗ್‌ಗಳ ಕಡತವನ್ನು ಶುಚಿಮಾಡುತ್ತೇವೆನ್ನುವ ರಿಜಿಸ್ಟ್ರಿ ಕ್ಲೀನರ್‌ಗಳಿಂದ ವೇಗಕ್ಕೆ ಏನೂ ಆಗುವುದಿಲ್ಲ.

ಇನ್ನೊಂದು ಮಾತು. ಇತ್ತೀಚಿನ ಒಂದು ಟೆರಾಬೈಟ್‌ನ ಲ್ಯಾಪ್‌ಟಾಪ್ ಡಿಸ್ಕ್‌ಗಳಲ್ಲಿ ಬಹಳಷ್ಟು ಎಸ್‌ಎಂಆರ್ ಬಗೆಯವು. ಮಾಡಿನ ಮೇಲಿನ ಮಂಗಳೂರು ಹಂಚಿನಂತೆ ಇವುಗಳ ಟ್ರ್ಯಾಕ್‌ಗಳು ಒಂದರ ಅಂಚಿನ ಮೇಲೆ ಇನ್ನೊಂದು ಹಾಸಿರುತ್ತವೆ. ನಡುವಿನ ಒಂದನ್ನು ಬದಲಿಸಲು ಸುತ್ತಲಿನವನ್ನೂ ಎತ್ತಿ ಮತ್ತೆ ಹಾಸಬೇಕು. ಮೊದಲ ಕೆಲವು ಜಿಬಿ ಚುರುಕಾಗಿ ನಕಲಾಗಿ ಆಮೇಲೆ ವೇಗ ಸೆಕೆಂಡಿಗೆ 10–20 ಎಂಬಿಗೆ ಕುಸಿದರೆ ಎಸ್‌ಎಂಆರ್ ಎಂದು ಶಂಕಿಸಿ, ಮಾಡೆಲ್ ಸಂಖ್ಯೆಯನ್ನು ತಯಾರಕರ ಪಟ್ಟಿಯಲ್ಲಿ ನೋಡಿ. ಇಂಥ ಡಿಸ್ಕ್‌ಗೆ ಡಿಫ್ರ್ಯಾಗ್ಲರ್‌ನಿಂದ ಪೂರ್ತಿ ಡಿಫ್ರ್ಯಾಗ್ ಮಾಡಿಸುವುದು ಶುದ್ಧ ಹಿಂಸೆ.

ಡಿಸ್ಕ್‌ನ ದೋಷ ಹುಡುಕುವ, ವಿಂಡೋಸ್‌ನದೇ ಆದ ಚೆಕ್ ಡಿಸ್ಕ್ ಬಗ್ಗೆಯೂ ಎಚ್ಚರ ಬೇಕು. ಇಡೀ ಡಿಸ್ಕ್ ಓದಿ ಪರೀಕ್ಷಿಸುವ /ಆರ್ ಆಯ್ಕೆ ಒಂದು ಟೆರಾಬೈಟ್‌ಗೆ ಸೆಕೆಂಡಿಗೆ 100 ಎಂಬಿಯ ಲೆಕ್ಕದಲ್ಲೇ ಕಾಲು ಕಮ್ಮಿ ಮೂರು ಗಂಟೆ, ನಿಜದಲ್ಲಿ ಇನ್ನೂ ಹೆಚ್ಚು ಹಿಡಿಯುತ್ತದೆ. ನಡುವೆ ಕರೆಂಟ್ ಹೋದರೆ ಅಪಾಯ. ಮನೆಯ ಇನ್ವರ್ಟರ್‌ನಲ್ಲಿ ಯುಪಿಎಸ್ ಮೋಡ್‌ನ ಸ್ವಿಚ್ ಇದ್ದರೆ ಅದನ್ನು ಹಾಕಿಡಿ. ಇನ್ನೊಂದು ಮೋಡ್‌ನಲ್ಲಿ ಬ್ಯಾಟರಿಗೆ ಬದಲಾಗುವುದು ನಿಧಾನ, ಫ್ಯಾನ್ ನಿಲ್ಲದಿದ್ದರೂ ಡೆಸ್ಕ್‌ಟಾಪ್ ರೀಸ್ಟಾರ್ಟ್ ಆಗಿಬಿಡುತ್ತದೆ.

ಇಷ್ಟೆಲ್ಲ ಮಾಡಿದರೂ ಹಾರ್ಡ್ ಡಿಸ್ಕ್‌ನಲ್ಲಿರುವ ವಿಂಡೋಸ್ ಮಂದವೇ. ಆನ್ ಆಗುವಾಗ ಅದು ಓದುವುದು ಅಲ್ಲಲ್ಲಿ ಚದುರಿದ ಸಾವಿರಾರು ಸಣ್ಣ ಫೈಲ್‌ಗಳನ್ನು. ಪ್ರತಿ ಫೈಲೂ ಇಡಿಯಾಗಿದ್ದರೂ ಒಂದರಿಂದ ಇನ್ನೊಂದಕ್ಕೆ ಹಾರುವುದು ತಪ್ಪುವುದಿಲ್ಲ. ಹೀಗೆ 4 ಕೆಬಿಯ ಚೂರುಗಳನ್ನು ಅಲ್ಲೊಂದು ಇಲ್ಲೊಂದು ಓದುವಾಗ ಹಾರ್ಡ್ ಡಿಸ್ಕ್‌ನ ವೇಗ ಸೆಕೆಂಡಿಗೆ 1 ಎಂಬಿ ಮುಟ್ಟುವುದೂ ಕಷ್ಟ. ಸಾಮಾನ್ಯ ಸಾಟಾ ಎಸ್‌ಎಸ್‌ಡಿ 20ರಿಂದ 40 ಎಂಬಿ ಕೊಡುತ್ತದೆ. ಸಾಟಾ 2 (ಹಿಂದಿನ ಪೀಳಿಗೆಯ, ಕಡಿಮೆ ವೇಗದ ಸಂಪರ್ಕ) ಇರುವ ಹಳೆಯ ಲ್ಯಾಪ್‌ಟಾಪ್‌ನಲ್ಲೂ ಈ ಲಾಭ ಪೂರ್ತಿ ಸಿಗುತ್ತದೆ.

ಕೊಳ್ಳಬೇಕಾದ್ದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ, 240 ಅಥವಾ 256 ಜಿಬಿ ಸಾಕು. ಲ್ಯಾಪ್‌ಟಾಪ್‌ನಲ್ಲಿ ಡಿವಿಡಿ ಡ್ರೈವ್ ಇದ್ದರೆ ಅದನ್ನು ತೆಗೆದು ಆ ಜಾಗಕ್ಕೆ ಕ್ಯಾಡಿ (ಡಿಸ್ಕ್ ಕೂರಿಸುವ ಚೌಕಟ್ಟು) ಹಾಕಿ ಹಳೆಯ ಡಿಸ್ಕನ್ನು ಉಳಿಸಿಕೊಳ್ಳಬಹುದು. ಕ್ಯಾಡಿ 9.5 ಮತ್ತು 12.7 ಮಿ.ಮೀ. ದಪ್ಪದಲ್ಲಿ ಬರುವುದರಿಂದ ಅಂಗಡಿಗೆ ಹೋಗುವ ಮೊದಲು ಅಳೆದುಕೊಳ್ಳಿ. ಹಳೆಯ ಡಿಸ್ಕನ್ನು ಇದ್ದಂತೆಯೇ ನಕಲಿಸಿ ಕ್ಲೋನ್ ಮಾಡುವುದಕ್ಕಿಂತ ಹೊಸದಾಗಿ ವಿಂಡೋಸ್ ಹಾಕುವುದೇ ಮೇಲು. ಹಳೆಯ ಕಸ ಜೊತೆಗೆ ಬರುವುದಿಲ್ಲ. ಕ್ಲೋನ್‌ಜಿಲ್ಲಾದಂಥ ಕ್ಲೋನ್ ತಂತ್ರಾಂಶಗಳು ಒಂದು ಟೆರಾಬೈಟ್‌ನ ಡಿಸ್ಕನ್ನು ಚಿಕ್ಕ ಎಸ್‌ಎಸ್‌ಡಿಗೆ ಹಾಗೆಯೇ ಇಳಿಸುವುದೂ ಇಲ್ಲ. 8 ಜಿಬಿ ಪೆನ್‌ಡ್ರೈವ್‌ನಲ್ಲಿ ಇನ್‌ಸ್ಟಾಲರ್ ಮಾಡಿಟ್ಟುಕೊಳ್ಳಿ, ಬಯೋಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ಬರುವ ಕಂಪ್ಯೂಟರ್‌ನ ಸೆಟ್ಟಿಂಗ್ಸ್) ಸಾಟಾ ಮೋಡ್ ಎಎಚ್‌ಸಿಐ ಇದೆಯೇ ನೋಡಿ, ಹಳೆಯ ಡಿಸ್ಕಿನ ಕೇಬಲ್ ಕಿತ್ತೇ ಶುರುಮಾಡಿ. ಹಾಗೆ ಮಾಡದಿದ್ದರೆ ಇನ್‌ಸ್ಟಾಲರ್ ಬೂಟ್ ಫೈಲ್‌ಗಳನ್ನು ಹಳೆಯ ಡಿಸ್ಕಿನಲ್ಲೇ ಇಟ್ಟುಬಿಡಬಹುದು. ಮುಂದೊಂದು ದಿನ ಆ ಡಿಸ್ಕ್ ಕೆಟ್ಟಾಗ ಎಸ್‌ಎಸ್‌ಡಿ ಚೆನ್ನಾಗಿದ್ದೂ ಕಂಪ್ಯೂಟರ್ ಏಳುವುದಿಲ್ಲ.

ವಿಂಡೋಸ್ ಬಂದ ಮೇಲೆ ಹಳೆಯ ಡಿಸ್ಕ್ ಜೋಡಿಸಿ, ಅದೇ ಆಪ್ಟಿಮೈಜ್ ಕಿಟಕಿ ತೆರೆಯಿರಿ. ಸಿ ಡ್ರೈವ್‌ನ ಎದುರು ಸಾಲಿಡ್ ಸ್ಟೇಟ್ ಡ್ರೈವ್ ಎಂದೂ ಡಿಯ ಎದುರು ಹಾರ್ಡ್ ಡಿಸ್ಕ್ ಡ್ರೈವ್ ಎಂದೂ ಇರಬೇಕು. ಹೀಗಿದ್ದರೆ ಮೊದಲನೆಯದಕ್ಕೆ ಟ್ರಿಮ್ (ಅಳಿಸಿದ ಫೈಲ್‌ಗಳ ಜಾಗ ಖಾಲಿ ಎಂದು ಎಸ್‌ಎಸ್‌ಡಿಗೆ ತಿಳಿಸುವುದು), ಎರಡನೆಯದಕ್ಕೆ ಡಿಫ್ರ್ಯಾಗ್ ತಾನಾಗಿ ನಡೆಯುತ್ತದೆ. ಎಸ್‌ಎಸ್‌ಡಿಗೆ ಹೊರಗಿನ ಯಾವ ಡಿಫ್ರ್ಯಾಗ್ ತಂತ್ರಾಂಶವನ್ನೂ ಹಾಕಬೇಡಿ.