ಜೆ.ಸಿ. ರೋಡ್ ಹಿಂದಿನ ಕ್ರ್ಯಾಂಕ್ ಗ್ರೈಂಡಿಂಗ್ ಶಾಪು, ಹಳೇ ಗಾಡಿಯವ್ರು ನೋಡಿ

ಮೊದ್ಲೇ ಹೇಳ್ಬಿಡ್ತೀನಿ, ಕಾರ್ ನಿಲ್ಸೋಕೆ ಜಾಗ ಇಲ್ಲ, ಆಟೋದಲ್ಲಿ ಹೋಗಿ. ಬೋರ್ಡ್ ಅರ್ಧ ಮಾಸೋಗಿದೆ, ಫೋನ್ ಎತ್ತಲ್ಲ. ಇಷ್ಟಿದ್ರೂ ನಾನು ಐದಕ್ಕೆ ನಾಲ್ಕು ಕೊಡ್ತೀನಿ.

ನಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು. ಯಾರೋ ಗ್ಯಾರೇಜ್ ಖಾಲಿ ಮಾಡ್ವಾಗ ಒಂದು ಕ್ರ್ಯಾಂಕ್ (ಪಿಸ್ಟನ್ ಮೇಲೆ ಕೆಳಗೆ ಓಡೋದನ್ನ ಸುತ್ತಾಟ ಮಾಡೋ ಇಂಜಿನ್ ಶಾಫ್ಟು) ಸಿಕ್ತು, ಟ್ಯಾಗ್ ಇಲ್ಲ ಏನಿಲ್ಲ, 948 ಸಿಸಿದು ಅಂತ ಮಾತ್ರ ಹೇಳಿದ್ರು. ಆದ್ರೆ 948 ಅಂದ್ರೆ ಹೆರಾಲ್ಡೂ ಆಗ್ಬೋದು, ಮಾರಿಸ್ ಮೈನರ್ 1000 ಕೂಡ ಆಗ್ಬೋದು, ಎರಡಕ್ಕೂ ಮೂರೇ ಮೇನ್ ಬೇರಿಂಗು (ಕ್ರ್ಯಾಂಕನ್ನ ಇಂಜಿನ್ನಲ್ಲಿ ಹಿಡ್ಕೊಳ್ಳೋ ಬೇರಿಂಗು). ಇನ್ನೊಂದು ಅಂಗಡೀಲಿ ತೋರ್ಸಿದ್ರೆ ಬಾಗ್ಲಲ್ಲೇ ನೋಡಿ "ಫಿಯಟ್‌ದು ಸಾರ್, ಬಿಟ್ಟೋಗಿ, ಗ್ರೈಂಡ್ ಮಾಡಿಡ್ತೀವಿ" ಅಂದ್ರು. ಅಳತೆನೇ ಇಲ್ಲ!

ಇಲ್ಲಿ ಯಜಮಾನ್ರು ಮೊದ್ಲು ಡೀಸೆಲ್ಲಲ್ಲಿ ತೊಳ್ಸಿದ್ರು. ಪಕ್ಕದಲ್ಲಿ ಒಂದು ನಂಬರ್ ಕಾಣ್ತು, ನಾನು ಫೋಟೋ ತೆಗೀತಿದ್ರೆ "ಅದು ಫೋರ್ಜಿಂಗ್ ನಂಬರ್ ಸಾರ್, ಕಾಸಿ ಅಚ್ಚಲ್ಲಿ ಬಡಿಯೋವಾಗ ಬಿದ್ದಿದ್ದು, ಪಾರ್ಟ್ ನಂಬರ್ ಅಲ್ಲ, ಅದನ್ನ ನಂಬ್ಕೊಂಡು ಬೇರಿಂಗ್ ತಗೋಬೇಡಿ" ಅಂದ್ರು. ಆಮೇಲೆ ಎರಡು ವಿ ಬ್ಲಾಕ್ (ಮೇಲೆ ವಿ ಆಕಾರದ ಕಚ್ಚು ಇರೋ ಕಬ್ಬಿಣದ ತುಂಡು) ಮೇಲೆ ಮಲಗ್ಸಿ, ಕ್ರ್ಯಾಂಕ್ ಪಿನ್ (ಕನೆಕ್ಟಿಂಗ್ ರಾಡ್ ಕೂರೋ ಜಾಗ) ಪೂರ್ತಿ ಮೇಲಿದ್ದಾಗ ಒಂದು ಎತ್ತರ, ಅರ್ಧ ಸುತ್ತು ತಿರುಗ್ಸಿ ಕೆಳಗೆ ಬಂದಾಗ ಇನ್ನೊಂದು, ಎರಡನ್ನ ಕಳೆದ್ರೆ ಸ್ಟ್ರೋಕ್ (ಪಿಸ್ಟನ್ ಮೇಲಿಂದ ಕೆಳಗೆ ಓಡೋ ದೂರ) ಬಂತು, 76 ಮಿ.ಮೀ. ಚಿಲ್ರೆ. ಫಿಯಟ್ 1100 ಆಗಿದ್ರೆ 75 ಬರ್ಬೇಕಿತ್ತು, ಸೋ ಅದು ಔಟ್. ಆದ್ರೆ ಹೆರಾಲ್ಡ್ 76, ಮೈನರ್ ಮೂರಿಂಚು ಅಂದ್ರೆ 76.2, ಒಂದ್ಸಲ ಗ್ರೈಂಡ್ ಆಗಿರೋ ಕ್ರ್ಯಾಂಕಲ್ಲಿ ಅಷ್ಟು ಸಣ್ಣ ವ್ಯತ್ಯಾಸ ಹಿಡ್ಕೊಂಡು ಏನೂ ಹೇಳಕ್ಕಾಗಲ್ಲ.

ಮೈಕ್ರೋಮೀಟರ್ ತಗೊಂಡ್ರು. ಪಿನ್ 1.605 ಇಂಚು. ಹೊಸದ್ರಲ್ಲಿ ಎರಡು ಗಾಡೀದೂ 1.625, ಅಂದ್ರೆ 20 ತೌ (ಒಂದು ತೌ ಅಂದ್ರೆ ಇಂಚಿನ ಸಾವಿರದಲ್ಲೊಂದು ಭಾಗ) ಗ್ರೈಂಡ್ ಆಗಿದೆ ಅಂತ ಗೊತ್ತಾಯ್ತೇ ಹೊರತು ಯಾವ ಗಾಡಿ ಅಂತ ಗೊತ್ತಾಗ್ಲಿಲ್ಲ. ಕೊನೆಗೆ ಮೇನ್ ಜರ್ನಲ್ (ಮೇನ್ ಬೇರಿಂಗಲ್ಲಿ ಕೂರೋ ಭಾಗ) ಹಿಡಿದ್ರು, 1.980! ಹೆರಾಲ್ಡ್ ಮೇನ್ ಎರಡಿಂಚು, ಮೈನರ್‌ದು ಒಂದೂ ಮುಕ್ಕಾಲು. ಗ್ರೈಂಡಿಂಗ್ ಕಲ್ಲು ಲೋಹ ತೆಗಿಯುತ್ತೆ, ಸೇರ್ಸಲ್ವಲ್ಲ, ಒಂದೂ ಮುಕ್ಕಾಲಿಂದು ಎರಡರ ಹತ್ರ ಬರೋಕೆ ಚಾನ್ಸೇ ಇಲ್ಲ (ವೆಲ್ಡಿಂಗ್ ತುಂಬ್ಸಿದ್ರೆ ಬೇರೆ ಮಾತು, ಅದನ್ನೂ ನೋಡಿದ್ರು, ಇರ್ಲಿಲ್ಲ). ಹೆರಾಲ್ಡ್‌ದೇ, ಮುಗೀತು.

ಅಷ್ಟಕ್ಕೇ ಬಿಡ್ಲಿಲ್ಲ. ಜರ್ನಲ್ ಮೂಲೆಯ ರೇಡಿಯಸ್ (ದುಂಡಗಿನ ತಿರುವು) ಉಳಿದಿದ್ಯಾ ಅಂತ ಟಾರ್ಚ್ ಬಿಟ್ಟು ನೋಡಿದ್ರು, ಹಿಂದೆ ಗ್ರೈಂಡ್ ಮಾಡ್ದವ್ರು ಅದನ್ನ ಚೌಕ ಮಾಡಿಟ್ಟಿದ್ರೆ ಕ್ರ್ಯಾಂಕ್ ಅಲ್ಲೇ ಮುರಿಯತ್ತಂತೆ. ತಂತೀಲಿ ನೇತುಹಾಕಿ ಸುತ್ತಿಗೇಲಿ ಮೆಲ್ಲಗೆ ಹೊಡೆದ್ರು, ಟಣ್ ಅಂತ ಎಳ್ಕೊಂಡು ಹೋಯ್ತು, ಕ್ರ್ಯಾಕ್ ಇದ್ರೆ ಡಬ್ ಅನ್ನತ್ತೆ. ಆದ್ರೂ ಇದನ್ನೊಂದೇ ನಂಬ್ಬೇಡಿ, ಮ್ಯಾಗ್ನೆಟಿಕ್ ಟೆಸ್ಟ್ (ಅಯಸ್ಕಾಂತದಿಂದ ಸಣ್ಣ ಕ್ರ್ಯಾಕ್ ಹಿಡಿಯೋದು) ಮಾಡ್ಸಿ ಅಂದ್ರು. ಅದು ಅವರತ್ರ ಇಲ್ಲ, ಬೇರೆ ಕಡೆ ಹೊತ್ಕೊಂಡು ಹೋಗ್ಬೇಕು, ಒಂದು ಮಾರ್ಕ್ ಕಟ್ ಮಾಡಿದ್ದು ಅದಕ್ಕೇ.

ಮೇನ್‌ಗಳು ಚೂರು ಓವಲ್ ಆಗಿವೆ, ಪಿನ್ ಮೇಲೂ ಗೀರಿದೆ, ಎಲ್ಲಾ 30 ತೌಗೆ ಹೋಗ್ಬೇಕು. ಆದ್ರೆ ಬೇರಿಂಗ್ ಸೆಟ್ ತಂದು ಟೇಬಲ್ ಮೇಲೆ ಇಡೋವರ್ಗೂ ಗ್ರೈಂಡ್ ಮಾಡಲ್ಲ ಅಂತ ಕಡ್ಡಿ ತುಂಡು ಮಾಡ್ದಂಗೆ ಹೇಳ್ಬಿಟ್ರು, ಸರೀನೇ, ಸೈಜ್ ಸಿಗ್ದೇ ಹೋದ್ರೆ ಕ್ರ್ಯಾಂಕ್ ವೇಸ್ಟು. ಮೇನ್ ಸೆಟ್ ಸಿಕ್ಕಿದೆ, ಬಿಗ್ ಎಂಡ್ (ಪಿನ್ ಮೇಲೆ ಕೂರೋ ಬೇರಿಂಗು) ಸಿಕ್ಕಿಲ್ಲ. 30 ಅಂಡರ್‌ಸೈಜ್ ಹೆರಾಲ್ಡ್ ಬಿಗ್ ಎಂಡ್ ಯಾರತ್ರನಾದ್ರೂ ಇದ್ರೆ ಹೇಳ್ರಪ್ಪಾ.