ಬೈಪ್ಯಾಪ್ ಹಾಕ್ಕೊಂಡೇ ಹಲ್ಲು ತೋರಿಸ್ಬೇಕಾದೋರಿಗೆ ಈ ಕ್ಲಿನಿಕ್ ಆಗುತ್ತೆ (4/5)

ನಂಗೆ ಮಸ್ಕ್ಯುಲರ್ ಡಿಸ್ಟ್ರೊಫಿ, ಅಂದ್ರೆ ಸ್ನಾಯುಗಳು ಬರ್ತಾ ಬರ್ತಾ ಶಕ್ತಿ ಕಳ್ಕೊಳ್ಳೋ ಕಾಯಿಲೆ. ಉಸಿರು ಎಳ್ಕೊಳ್ಳೋ ಸ್ನಾಯು ಡಯಾಫ್ರಂ ವೀಕು, ಹಗಲಲ್ಲೂ ಬೈಪ್ಯಾಪ್ (ಮಾಸ್ಕ್ ಮೂಲಕ ಗಾಳಿ ಊದಿ ಉಸಿರಾಟಕ್ಕೆ ಸಹಾಯ ಮಾಡೋ ಮಷೀನು) ಬೇಕು. ನಮ್ಮಂಥೋರಿಗೆ ಹಲ್ಲುನೋವಿಗಿಂತ ಆ ಚೇರೇ ದೊಡ್ಡ ತಲೆನೋವು, ಅಂಗಾತ ಮಲಗಿಸಿದ್ರೆ ಹೊಟ್ಟೆ ಮೇಲಕ್ಕೆ ಒತ್ತಿ ಉಸಿರೇ ಎಳ್ಕೊಳ್ಳಕ್ಕಾಗಲ್ಲ. ಮುಂಚೆ ಹೋದ ಒಂದ್ಕಡೆ "ಹತ್ತೇ ನಿಮಿಷ ಮಷೀನ್ ಆಫ್ ಮಾಡಿ ಮಲಗಿ" ಅಂದ್ರು, ದೊಡ್ಡ ನಮಸ್ಕಾರ ಹಾಕಿ ವಾಪಸ್ ಬಂದೆ.

ಇಲ್ಲಿ ಫೋನಲ್ಲೇ ಎಲ್ಲಾ ಕೇಳಿದ್ರು, ಯಾವ ಮಾಸ್ಕು, ಬ್ಯಾಟರಿ ಎಷ್ಟೊತ್ತು ಬರುತ್ತೆ, ನುಂಗೋಕೆ ಕಷ್ಟ ಇದ್ಯಾ ಅಂತ. ಮೂಗು ಬಾಯಿ ಎರಡೂ ಮುಚ್ಚೋ ಮಾಸ್ಕಲ್ಲಿ ಕೆಲಸ ಆಗಲ್ಲ, ನೇಸಲ್ ಪಿಲ್ಲೋ (ಮೂಗಿನ ಹೊಳ್ಳೆಗೆ ಮಾತ್ರ ಕೂರೋ ಚಿಕ್ಕ ಮಾಸ್ಕು) ಇದ್ರೆ ತನ್ನಿ ಅಂದ್ರು. ಅದನ್ನ ಮನೇಲೇ ಹಾಕಿ ಬಾಯಿ ತೆಕ್ಕೊಂಡು ಕೂತು ಅಭ್ಯಾಸ ಮಾಡ್ಕೊಂಡು ಹೋಗಿ, ಯಾಕಂದ್ರೆ ಬಾಯಿಂದ ಗಾಳಿ ಲೀಕ್ ಆಗೇ ಆಗುತ್ತೆ, ಅದನ್ನ ಸರಿದೂಗ್ಸೋಕೆ ಮಷೀನ್ ಇನ್ನೂ ಜೋರಾಗಿ ಊದುತ್ತೆ, ಅಲಾರಂ ಬೇರೆ ಬಡ್ಕೊಳ್ಳುತ್ತೆ. ನೆಗಡಿ ಇದ್ರಂತೂ ಹೋಗ್ಲೇಬೇಡಿ, ಮೂಗು ಕಟ್ಟಿದ್ರೆ ಮುಗೀತು.

ಚೇರ್ 45 ಡಿಗ್ರಿಗಿಂತ ಕೆಳಗೆ ಇಳಿಸ್ಲಿಲ್ಲ, ಡಾಕ್ಟ್ರೇ ಪಾಪ ನಿಂತ್ಕೊಂಡು ಬಗ್ಗಿ ಕೆಲಸ ಮಾಡಿದ್ರು. ನೀರು ಗಂಟಲಿಗೆ ಇಳೀದಂಗೆ ಸಕ್ಷನ್ ಒಬ್ರು ಹಿಡ್ಕೊಂಡೇ ಇದ್ರು, ನಾನು ಕೈ ಎತ್ತಿದ ತಕ್ಷಣ ಡ್ರಿಲ್ ನಿಲ್ಲಿಸ್ತಿದ್ರು. ಲಾಫಿಂಗ್ ಗ್ಯಾಸು, ನಿದ್ದೆ ಬರೋ ಔಷಧಿ ಯಾವ್ದೂ ಬೇಡ ಅಂತ ಬರೀ ಲೋಕಲ್ ಇಂಜೆಕ್ಷನ್. ನಂಗೆ ತುಂಬಾ ಹಿಡಿಸಿದ್ದು ಇನ್ನೊಂದು, ಅಸಿಸ್ಟೆಂಟ್ "ಸ್ವಲ್ಪ ಆಕ್ಸಿಜನ್ ಕೊಡೋಣ್ವಾ" ಅಂದಾಗ ಡಾಕ್ಟ್ರು ತಡೆದ್ರು. ನಮ್ಮ ಸಮಸ್ಯೆ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗ್ದೇ ಇರೋದು, ಸುಮ್ನೆ ಆಕ್ಸಿಜನ್ ಕೊಟ್ರೆ ಬೆರಳಿಗೆ ಹಾಕಿರೋ ಮೀಟರಲ್ಲಿ ನಂಬರ್ ಚೆನ್ನಾಗೇ ಕಾಣುತ್ತೆ, ಒಳಗೆ ಕಾರ್ಬನ್ ಡೈಆಕ್ಸೈಡ್ ಏರ್ತಾನೇ ಇರುತ್ತೆ. ಇದು ಗೊತ್ತಿರೋ ಹಲ್ಲಿನ ಡಾಕ್ಟ್ರು ಸಿಗೋದೇ ಅಪರೂಪ ಕಣ್ರೀ.

ರಾತ್ರಿಯೆಲ್ಲಾ ಗಾಳಿ ಬಾಯಿಂದ ಲೀಕಾಗಿ ಬಾಯಿ ಒಣಗಿದ್ರೆ ಹುಳುಕು ಬೇಗ ಹಿಡಿಯುತ್ತಂತೆ, ಅದಕ್ಕೆ ಫ್ಲೋರೈಡ್ ವಾರ್ನಿಶ್ ಹಚ್ಚಿ, ಮಷೀನಿನ ಗಾಳಿಗೆ ತೇವ ಸೇರ್ಸೋ ಹ್ಯುಮಿಡಿಫೈಯರ್ ಬಳಸಿ ಅಂದ್ರು.

ಒಂದು ಸ್ಟಾರ್ ಕಟ್ ಮಾಡಿದ್ದು ಪ್ಲಗ್ ಪಾಯಿಂಟಿಗೆ, ಚೇರಿಂದ ದೂರ ಇದೆ, ಎಕ್ಸ್‌ಟೆನ್ಷನ್ ಬಾಕ್ಸ್ ನೀವೇ ತಗೊಂಡೋಗ್ಬೇಕು. ವೇಟಿಂಗೂ ಜಾಸ್ತಿ, ಅಲ್ಲೇ ಅರ್ಧ ಬ್ಯಾಟರಿ ಖಾಲಿ, ಬೆಳಗ್ಗೆ ಮೊದಲ್ನೇ ಅಪಾಯಿಂಟ್ಮೆಂಟೇ ಕೇಳಿ. ನನ್ನ ಬುದ್ಧಿಹಲ್ಲು ಇನ್ನೂ ಬಾಕಿ ಇದೆ, ಅದನ್ನ ಇಲ್ಲಿ ಬೇಡ, ಅನಸ್ತೇಶಿಯಾ ಡಾಕ್ಟ್ರು ಇರೋ ಆಸ್ಪತ್ರೇಲೇ ತೆಗೆಸಿ ಅಂತ ಅವ್ರೇ ಚೀಟಿ ಬರ್ಕೊಟ್ರು.